ವಾಚ್ ಎಣಿಸಿದ ಹೆಜ್ಜೆ, ಆಪ್ ಹಾಕಿದ ಲೆಕ್ಕ: 14 ತಿಂಗಳ ಬಳಕೆಯ ನಂತರ

ಸ್ಮಾರ್ಟ್‌ವಾಚ್ ಎಣಿಸಿದ ಹೆಜ್ಜೆ ತಾನಾಗೇ, ತಿಂದದ್ದನ್ನೂ ನಡೆದದ್ದನ್ನೂ ಲೆಕ್ಕ ಹಾಕಿ ಇನ್ನೆಷ್ಟು ತಿನ್ನಬಹುದು ಎಂದು ಹೇಳುವ ಕ್ಯಾಲೊರಿ ಆಪ್‌ಗೆ ಹೋಗಬೇಕು. ನನಗೆ ಬೇಕಿದ್ದದ್ದು ಅಷ್ಟೇ. ಈಗ 14 ತಿಂಗಳಾಯಿತು. ಯಾರಾದರೂ ಕೇಳಿದರೆ ಧೈರ್ಯವಾಗಿ ಬಳಸಿ ಎನ್ನುತ್ತೇನೆ. ಆದರೆ ಮೊದಲ ಎರಡು ತಿಂಗಳು ಇದೇ ಸಿಂಕ್ ನನಗೆ ಜಾಸ್ತಿ ತಿನ್ನಿಸಿತು. ಅದನ್ನು ಮೊದಲು ಹೇಳಬೇಕು.

ನಾನು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್. ಸಕ್ಕರೆ ಕಾಯಿಲೆ ಬರೋ ಅಂಚಿನಲ್ಲಿದ್ದೀರಿ, 84 ಕಿಲೋ ಇದ್ದೀರಿ, ತೂಕ ಇಳಿಸಿ ಎಂದು ಡಾಕ್ಟರ್ ಹೇಳಿದ ಮೇಲೆ ವಾಚ್ ತೊಗೊಂಡೆ. ದಿನಾ ಬೆಳಿಗ್ಗೆ ಕೋಟೆ ಗುಡ್ಡದ ಕಡೆ ನಡಿಗೆ, ಆಮೇಲೆ ದಿನವಿಡೀ ಕಟಿಂಗ್ ಟೇಬಲ್ ಸುತ್ತ ಓಡಾಟ.

ಒಂದು ರಾತ್ರಿ ಊಟಕ್ಕೆ ಕೂತು ಫೋನ್ ನೋಡಿದೆ. ಇನ್ನೂ 700 ಕ್ಯಾಲೊರಿ ತಿನ್ನಬಹುದು ಎಂದಿತ್ತು. ಖುಷಿಯಾಗಿ ಇನ್ನೆರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಮೇಲೆ ಶೇಂಗಾ ಪುಡಿ ಹಾಕಿಸಿಕೊಂಡೆ. ಕೈ ತೊಳೆದು ಬಂದು ವಾಚ್ ನೋಡಿದರೆ 9,412 ಹೆಜ್ಜೆ. ಆಪ್‌ನಲ್ಲಿ ಹತ್ತಿರ ಹತ್ತಿರ 18,000! ಜೇಬಿನ ಫೋನ್ ಎಣಿಸಿದ್ದನ್ನೂ ವಾಚ್ ಎಣಿಸಿದ್ದನ್ನೂ ಎರಡನ್ನೂ ಕೂಡಿಸಿಬಿಟ್ಟಿತ್ತು. ಎರಡು ತಿಂಗಳು ತೂಕ ಯಾಕೆ ಅಲ್ಲಾಡಲಿಲ್ಲ ಅನ್ನೋದು ಆಗ ಗೊತ್ತಾಯಿತು. ನಿಜವಾಗಿ ಬೇಜಾರಾಯಿತು. ಬೆಳಿಗ್ಗೆ ಐದೂವರೆಗೆ ಎದ್ದು ನಡೆದಿದ್ದೆಲ್ಲ ರಾತ್ರಿ ತಟ್ಟೆಯಲ್ಲೇ ಹೋಗಿತ್ತು.

ಆಂಡ್ರಾಯ್ಡ್‌ನಲ್ಲಿ ವಾಚ್ ಮತ್ತು ಕ್ಯಾಲೊರಿ ಆಪ್ ಸಾಮಾನ್ಯವಾಗಿ ನೇರವಾಗಿ ಮಾತಾಡೋದಿಲ್ಲ. ವಾಚ್ ತನ್ನ ಆಪ್‌ಗೆ ಹೇಳುತ್ತೆ, ಆ ಆಪ್ ಅದನ್ನು ಆರೋಗ್ಯದ ಲೆಕ್ಕವನ್ನೆಲ್ಲ ಒಂದೇ ಕಡೆ ಇಡುವ ಹೆಲ್ತ್ ಕನೆಕ್ಟ್‌ನಲ್ಲಿ ಬರೆಯುತ್ತೆ, ಅಲ್ಲಿಂದ ಕ್ಯಾಲೊರಿ ಆಪ್ ಓದಿಕೊಳ್ಳುತ್ತೆ. ಆಂಡ್ರಾಯ್ಡ್ 14ರಿಂದ ಹೆಲ್ತ್ ಕನೆಕ್ಟ್ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ. ಅಲ್ಲಿ ಹೆಜ್ಜೆ ಬರೆಯುವ ಅನುಮತಿ ವಾಚಿನ ಆಪ್‌ಗೆ ಮಾತ್ರ ಬಿಟ್ಟೆ. ಕ್ಯಾಲೊರಿ ಆಪ್ ಒಳಗೂ ಹೆಜ್ಜೆಯ ಮೂಲ ವಾಚ್ ಎಂದು ಆರಿಸಿ, ಫೋನಿನ ಎಣಿಕೆ ಆಫ್ ಮಾಡಿದೆ. ಅವತ್ತಿನಿಂದ ಎರಡೂ ಕಡೆ ಒಂದೇ ಅಂಕಿ.

ಇನ್ನೊಂದು ತಪ್ಪು ನನ್ನದೇ. ಆಪ್ ಹಾಕುವಾಗ ದಿನದ ಕೆಲಸ ಎಂಥದ್ದು ಎಂದು ಕೇಳಿತ್ತು, 'ತುಂಬಾ ಓಡಾಟ' ಎಂದು ಒತ್ತಿದ್ದೆ. ಅಂದರೆ ಓಡಾಟದ ಕ್ಯಾಲೊರಿ ದಿನದ ಗುರಿಯಲ್ಲೇ ಸೇರಿತ್ತು. ಅದರ ಮೇಲೆ ವಾಚಿನ ಹೆಜ್ಜೆಗೂ ಮತ್ತೆ ಕೊಟ್ಟರೆ ಒಂದೇ ನಡಿಗೆಗೆ ಎರಡು ಸಲ ಕೂಲಿ ಕೊಟ್ಟ ಹಾಗೆ, ಅಲ್ವಾ? ಸಿಂಕ್ ಮಾಡುವವರು ಅಲ್ಲಿ 'ಕೂತು ಮಾಡುವ ಕೆಲಸ' ಎಂದೇ ಇಡಿ. ಉಳಿದದ್ದನ್ನು ಹೆಜ್ಜೆ ಹೇಳುತ್ತೆ.

ಇನ್ನು ವಾಚ್ ಎಷ್ಟು ಸರಿ ಎಣಿಸುತ್ತೆ? ನಾನೇ ಬಾಯಲ್ಲಿ ಎಣಿಸುತ್ತಾ 100 ಹೆಜ್ಜೆ ನಡೆದು ನೋಡಿದೆ. ಕೈ ಬೀಸಿ ನಡೆದಾಗ 98. ಡೆನಿಮ್ ರೋಲ್ ಎರಡೂ ಕೈಯಲ್ಲಿ ತಬ್ಬಿ ಹಿಡಿದು ನಡೆದಾಗ 23. ಮಣಿಕಟ್ಟು ಅಲ್ಲಾಡದಿದ್ದರೆ ಅದಕ್ಕೆ ಹೆಜ್ಜೆಯೇ ಕಾಣಿಸೋದಿಲ್ಲ. ಗಾಡಿ ತಳ್ಳುವವರಿಗೂ ಮಗುವನ್ನು ಎತ್ತಿಕೊಂಡು ಓಡಾಡುವವರಿಗೂ ಇದೇ ಕಥೆ. ಉಲ್ಟಾ ಕೂಡ ಆಗುತ್ತೆ. ಕೌಲ್ ಬಜಾರ್ ಕಡೆಯಿಂದ ಬೈಕಿನಲ್ಲಿ ಬರುವಾಗ ಗುಂಡಿ ರಸ್ತೆಯ ಕುಲುಕಾಟಕ್ಕೆ ಇನ್ನೂರು ಹೆಜ್ಜೆ ಸುಮ್ನೆ ಸೇರಿರುತ್ತೆ. ಗುಡ್ಡ ಹತ್ತಿದರೂ ಸಮತಟ್ಟು ರಸ್ತೆಯಲ್ಲಿ ನಡೆದರೂ ನನ್ನ ಆಪ್‌ಗೆ ಒಂದೇ ಹೆಜ್ಜೆ, ಒಂದೇ ಕ್ಯಾಲೊರಿ. ಮೊಣಕಾಲಿಗೆ ಮಾತ್ರ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ.

ಅದಕ್ಕೇ ನಾನೀಗ ಹೆಜ್ಜೆಯನ್ನು ಅಂದಾಜು ಎಂದಷ್ಟೇ ನಂಬುತ್ತೇನೆ, ಅದರಿಂದ ಬಂದ ಕ್ಯಾಲೊರಿಯಲ್ಲಿ ಅರ್ಧ ಮಾತ್ರ ತಿನ್ನುತ್ತೇನೆ. ಇವತ್ತಿಗೆ 77 ಕಿಲೋ.

ಮಧ್ಯಾಹ್ನ ಸಿಂಕ್ ನಿಂತುಹೋಗುವ ಕಾಟವೂ ಇತ್ತು. ಬ್ಯಾಟರಿ ಉಳಿಸಲು ಫೋನೇ ಹಿಂದಿನಿಂದ ವಾಚಿನ ಆಪ್ ಮುಚ್ಚುತ್ತಿತ್ತು. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಅದಕ್ಕೆ ನಿರ್ಬಂಧ ತೆಗೆದ ಮೇಲೆ ಸರಿಹೋಯಿತು. ಕ್ಯಾಲೊರಿ ಆಪ್ ಡಿಲೀಟ್ ಮಾಡಿ ಮತ್ತೆ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಹೊಸದಾಗಿ ಅನುಮತಿ ಕೊಟ್ಟ ಆಪ್‌ಗೆ ಹೆಲ್ತ್ ಕನೆಕ್ಟ್ ಸಾಮಾನ್ಯವಾಗಿ ಹಿಂದಿನ 30 ದಿನದ ಲೆಕ್ಕ ಮಾತ್ರ ತೋರಿಸುತ್ತೆ. ಬಳ್ಳಾರಿ ಬಿಸಿಲಿಗೆ ರಬ್ಬರ್ ಪಟ್ಟಿ ಬೆವರಿ ಕೈ ಕೆಂಪಾಗುತ್ತಿತ್ತು, ಏಪ್ರಿಲ್‌ನಲ್ಲಿ ಬಟ್ಟೆ ಪಟ್ಟಿ ಹಾಕಿಸಿದೆ.

ಊಟದ ಪಟ್ಟಿ ಇನ್ನೂ ದುರ್ಬಲ. ಒಗ್ಗರಣೆ ಮಿರ್ಚಿ ಹುಡುಕಿದರೆ ಬರೀ ಮಂಡಕ್ಕಿ ತೋರಿಸಿ ಚೂರುಪಾರು ಕ್ಯಾಲೊರಿ ಬರೆಯುತ್ತೆ. ಎಣ್ಣೆ, ಪುಟಾಣಿ ಪುಡಿ, ಬಜ್ಜಿ ಎಲ್ಲಿ ಹೋಯಿತು? ನಮ್ಮ ಮನೆಯವರು ಒಂದು ದಿನ ಅಡುಗೆಮನೆ ತಕ್ಕಡಿಯಲ್ಲಿ ರೊಟ್ಟಿಯ ಹಿಟ್ಟು ತೂಗಿದರು. ಒಂದಕ್ಕೆ 55 ಗ್ರಾಂ. ಜೋಳದ ಹಿಟ್ಟಿಗೆ 100 ಗ್ರಾಂಗೆ ಸುಮಾರು 340 ಕ್ಯಾಲೊರಿ ಹಿಡಿದರೂ ಒಂದು ರೊಟ್ಟಿ 185 ಮುಟ್ಟುತ್ತೆ. ಆಪ್‌ನಲ್ಲಿದ್ದದ್ದು 110. ಈಗ ನಮ್ಮ ಮನೆಯ ರೊಟ್ಟಿ ಎಂದು ಬೇರೆಯಾಗಿಯೇ ಸೇರಿಸಿಕೊಂಡಿದ್ದೇನೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಆಪ್ ಮಾಡಿದವರಿಗೆ ಒಂದೇ ಕೋರಿಕೆ: ದಿನದ ಹೆಜ್ಜೆಯ ಕೆಳಗೆ ಅದು ವಾಚಿನಿಂದ ಬಂತೋ ಫೋನಿನಿಂದ ಬಂತೋ ಎಂದು ಸಣ್ಣದಾಗಿ ಒಂದು ಸಾಲು ಬರೆಯಿರಿ. ಆ ಸಾಲು ಇದ್ದಿದ್ದರೆ ನನ್ನ ಎರಡು ತಿಂಗಳು ಉಳಿಯುತ್ತಿತ್ತು.