ನ್ಯೂರಾನ್ ಸಿಮ್ಯುಲೇಟರ್: ಸ್ಪೈಕ್‌ವರೆಗೆ ಗಟ್ಟಿ, ಅಲ್ಲಿಂದಾಚೆ ಬಡವ

ನ್ಯೂರಾನ್ ಎಂದರೆ ನರಕೋಶದ ವಿದ್ಯುತ್ ವರ್ತನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವ ತಂತ್ರಾಂಶ; ಸ್ಪೈಕ್ ಎಂದರೆ ಆ ಕೋಶದ ವೋಲ್ಟೇಜು ಒಮ್ಮೆಲೇ ಚಿಮ್ಮುವುದು. ಮನಸ್ಸೆಂದರೆ ಭೌತಶಾಸ್ತ್ರವೇ ಎನ್ನುವ ವಾದವನ್ನು ಒರೆಗೆ ಹಚ್ಚಲು ಈ ಸಾಫ್ಟ್‌ವೇರ್ ಚೆನ್ನಾಗಿದೆ. ಉಚಿತ, ಮುಕ್ತ ತಂತ್ರಾಂಶ. ಲಿನಕ್ಸ್, ಮ್ಯಾಕ್‌ನಲ್ಲಿ ಪೈಥಾನ್‌ನ ಇನ್‌ಸ್ಟಾಲ್ ಸಾಧನ ಪಿಪ್ ಸಾಕು. ವಿಂಡೋಸ್‌ಗೆ ಬೇರೆ ಇನ್‌ಸ್ಟಾಲರ್ ಇದೆ.

ಒಂದು ಸೆಕ್ಷನ್ (ಕೋಶದ ಕೊಳವೆಯಾಕಾರದ ತುಂಡು) ಮಾಡಿ, ಉದ್ದ, ವ್ಯಾಸ ಎರಡನ್ನೂ 20 ಮೈಕ್ರೋಮೀಟರ್‌ಗೆ ಇಟ್ಟು, 'ಎಚ್‌ಎಚ್' ಚಾನೆಲ್ (ಹಾಡ್ಜ್‌ಕಿನ್-ಹಕ್ಸ್‌ಲಿ ಮಾದರಿಯ, ಅಯಾನುಗಳನ್ನು ಪೊರೆಯ ಮೂಲಕ ಬಿಡುವ ದ್ವಾರಗಳು) ಸೇರಿಸಿ, ಕರೆಂಟು ಚುಚ್ಚುವ ಐಕ್ಲ್ಯಾಂಪ್‌ನಿಂದ 0.1 ನ್ಯಾನೋಆಂಪಿಯರ್ ಅನ್ನು 5 ಮಿಲಿಸೆಕೆಂಡ್ ಹರಿಸಿ. ಮೈನಸ್ 65 ಮಿಲಿವೋಲ್ಟ್‌ನಲ್ಲಿ ಮಲಗಿದ್ದ ವೋಲ್ಟೇಜಿನ ಗೆರೆ ಸೊನ್ನೆ ದಾಟಿ ಚಿಮ್ಮುತ್ತದೆ, ಮೊದಲಿಗಿಂತ ಕೆಳಕ್ಕೆ ಕುಸಿಯುತ್ತದೆ, ಆಮೇಲೆ ಸುಧಾರಿಸಿಕೊಳ್ಳುತ್ತದೆ. ವ್ಯಾಸ ಕೊಡಲು ಮರೆತಿರೋ, ಗೆರೆ ಮಿಸುಕುವುದೇ ಇಲ್ಲ. ಡೀಫಾಲ್ಟ್ ವ್ಯಾಸ 500 ಮೈಕ್ರೋಮೀಟರ್. ಅಷ್ಟು ದೊಡ್ಡ ಪೊರೆಗೆ ಈ ಕರೆಂಟು ಯಾವ ಮೂಲೆಗೂ ಸಾಲದು. ಇದಕ್ಕೆ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ, ಅದೇ ಕಿರಿಕಿರಿ.

ಉಷ್ಣತೆಯದು ಎಡವಿ ಬೀಳಿಸುವ ಇನ್ನೊಂದು ಗುಂಡಿ. ಡೀಫಾಲ್ಟ್ 6.3 ಡಿಗ್ರಿ ಸೆಲ್ಸಿಯಸ್, ಏಕೆಂದರೆ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ಆಕ್ಸಾನ್‌ಗೆ (ನರಕೋಶದ ಉದ್ದನೆಯ ಎಳೆಗೆ) ಬರೆದ ಸಮೀಕರಣಗಳು ಆ ಉಷ್ಣತೆಗೆ ಹೊಂದಿಸಿದವು. ಮನುಷ್ಯನ ಮೈ ಬಿಸಿ ಎಂದು 37 ಹಾಕಿದರೆ ಚಾನೆಲ್‌ಗಳನ್ನು ತೆರೆದು ಮುಚ್ಚುವ ಗೇಟುಗಳ ವೇಗ ಸುಮಾರು 29 ಪಟ್ಟು ಏರಿ ಸ್ಪೈಕ್ ಮುರುಟಿಹೋಗುತ್ತದೆ. ಉದ್ದದ ಆಕ್ಸಾನ್‌ಗೆ 'ಎನ್‌ಸೆಗ್' (ಲೆಕ್ಕಕ್ಕೆ ಎಷ್ಟು ತುಂಡು ಎಂಬ ಸಂಖ್ಯೆ) 1 ಎಂದೇ ಬಿಟ್ಟರೆ ಇಡೀ ಎಳೆ ಒಂದೇ ಬಿಂದುವಾಗುತ್ತದೆ. ಫಲಿತಾಂಶ ಬದಲಾಗುವುದು ನಿಲ್ಲುವವರೆಗೆ ಅದನ್ನು ಮೂರು ಪಟ್ಟಿನಂತೆ ಏರಿಸುತ್ತ ಹೋಗಿ.

ಈಗ ಅಸಲು ವಿಷಯ. ಅಯಾನುಗಳ ಸಮತೋಲನ ವಿಭವ (ಅವುಗಳ ಒಳಹರಿವು, ಹೊರಹರಿವು ಸಮವಾಗುವ ವೋಲ್ಟೇಜು) ಉಷ್ಣಗತಿಶಾಸ್ತ್ರದಿಂದ ನೇರವಾಗಿ ಬರುತ್ತದೆ. ಪೊರೆ ಸೋಡಿಯಂ ಅನ್ನು ಎಷ್ಟು ಸಲೀಸಾಗಿ ಬಿಡುತ್ತದೆ ಎಂಬ ವಾಹಕತೆ ಗರಿಷ್ಠ ಚದರ ಸೆಂಟಿಮೀಟರಿಗೆ 0.12 ಸೀಮೆನ್ಸ್, ಪೊಟ್ಯಾಸಿಯಂನದು 0.036 ಎನ್ನುವುದು ಮಾತ್ರ ಯಾವ ಮೂಲ ನಿಯಮದಿಂದಲೂ ಇಳಿದುಬಂದಿಲ್ಲ. ಪ್ರಾಣಿಯ ನರದಲ್ಲಿ ಅಳೆದು ತುಂಬಿಸಿದ್ದು. ನಿಯಮ ಚೌಕಟ್ಟು ಕೊಡುತ್ತದೆ, ಅಂಕಿಗಳನ್ನು ಜೀವವೇ ಕೊಡಬೇಕು. ಸಿ. ಎಲೆಗನ್ಸ್ ಹುಳುವಿಗೆ ಇರುವುದು 302 ನರಕೋಶ, ಅದರ ಸಂಪರ್ಕ ನಕ್ಷೆ 1986ರಲ್ಲೇ ಪ್ರಕಟವಾಯಿತು. ಆದರೆ ನಕ್ಷೆಯಲ್ಲಿ ಪ್ರತಿ ಸಿನಾಪ್ಸ್‌ನ (ಎರಡು ನರಕೋಶಗಳ ನಡುವಿನ ಸಂಧಿಯ) ಬಲ ಎಷ್ಟು, ಅದು ಉತ್ತೇಜಿಸುತ್ತದೆಯೋ ತಡೆಯುತ್ತದೆಯೋ ಎಂಬುದು ಇರಲಿಲ್ಲ. ಈ ಸಂಪರ್ಕಗಳ ಹೊರಗಿನಿಂದಲೇ ಕೆಲಸ ಮಾಡುವ ನ್ಯೂರೋಪೆಪ್ಟೈಡ್ ಎಂಬ ಸಂಕೇತ ರಾಸಾಯನಿಕಗಳ ಮಾತಂತೂ ಬೇರೆ. ಬರೀ ನಕ್ಷೆ ಇಟ್ಟುಕೊಂಡು ಹುಳು ಯಾವ ಕಡೆ ಹೊರಳುತ್ತದೆಂದು ಹೇಳಲಾಗದು.

ಹಿಂದುಮುಂದಾಗಿ, ವರ್ತನೆಯಿಂದ ಅಂಕಿಗಳ ಕಡೆಗೆ ಹೊರಟರೂ ಕಷ್ಟವೇ: ನರಗಳು ಮಿಡಿಯುವ ಒಂದೇ ತಾಳವನ್ನು ಬೇರೆ ಬೇರೆ ವಾಹಕತೆಗಳ ಗುಂಪು ಕೊಡಬಲ್ಲದು ಎಂದು ಏಡಿ, ಲಾಬ್‌ಸ್ಟರ್‌ಗಳ ಜಠರ ನರಜಾಲದ ಮಾದರಿಗಳು ತೋರಿಸಿವೆ. ಹಾಗಾಗಿ ವರ್ತನೆ ನೋಡಿ ಅಂಕಿ ಊಹಿಸುವ ಕೆಲಸಕ್ಕೆ ಇದನ್ನು ನೆಚ್ಚಬೇಡಿ. ನರಕೋಶದ ಸಂಕೇತ ಪಡೆಯುವ ಕವಲಾದ ಡೆಂಡ್ರೈಟ್‌ನಲ್ಲಿ ಸಂಕೇತ ಎಷ್ಟು ಕುಗ್ಗುತ್ತದೆ, ಯಾವ ಚಾನೆಲ್ ಮುಚ್ಚಿದರೆ ಸ್ಪೈಕ್ ನಿಲ್ಲುತ್ತದೆ ಎಂಬ ಪ್ರಶ್ನೆಗಳಿದ್ದರೆ ಧಾರಾಳವಾಗಿ ಬಳಸಿ.