ಹಾವು ನೋಡಲು ಹೊರಡುವ ಕುಟುಂಬಕ್ಕೆ ಸ್ಟಾರ್ಟರ್ ಕಿಟ್: ಟಾರ್ಚ್ ಸಾಲದು, ಇಕ್ಕಳ ಬೇಡ

ಹರ್ಪಿಂಗ್ (ಹಾವು, ಹಲ್ಲಿ, ಕಪ್ಪೆಗಳನ್ನು ಹುಡುಕಿ ನೋಡುವ ಹವ್ಯಾಸ) ಸ್ಟಾರ್ಟರ್ ಕಿಟ್ ಎಂದು ಆನ್‌ಲೈನ್‌ನಲ್ಲಿ ಮಾರುವ ಚೀಲಗಳಲ್ಲಿ ಹೆಚ್ಚುಕಡಿಮೆ ಒಂದೇ ಸಾಮಾನು ಇರುತ್ತದೆ: ತಲೆಗೆ ಕಟ್ಟುವ ಟಾರ್ಚ್, ಮಡಚುವ ಕೊಕ್ಕೆ, ಇಕ್ಕಳ, ಕಾಲಿಗೆ ಕಟ್ಟುವ ಗೇಟರ್ ಎಂಬ ಕವಚ, ಪುಟ್ಟ ಯುವಿ (ಅತಿನೇರಳೆ) ಟಾರ್ಚ್, ವಿಷ ಹೀರುವ ಪಂಪು. ಮಕ್ಕಳನ್ನು ಕರೆದುಕೊಂಡು ಕತ್ತಲಾದ ಮೇಲೆ ಹಾವು ಹುಡುಕುವವರಿಗೆ ಇದರಲ್ಲಿ ಅರ್ಧ ಸಾಮಾನು ಸಾಕು. ಉಳಿದದ್ದರಲ್ಲಿ ಎರಡನ್ನು ಮನೆಯಲ್ಲೂ ಇಟ್ಟುಕೊಳ್ಳಬಾರದು.

ಮೊದಲು ಬೆಳಕಿನ ವಿಚಾರ, ಏಕೆಂದರೆ ಹಾವು ಕಾಣುವುದೂ ಕಾಣದಿರುವುದೂ ನಿಂತಿರುವುದು ಇದರ ಮೇಲೆ. ಮರದ ಬೋವಾಗಳಂಥ ಕೆಲವನ್ನು ಬಿಟ್ಟರೆ ಹಾವಿನ ಕಣ್ಣು ಬೆಕ್ಕಿನ ಕಣ್ಣಿನಂತೆ ಟಾರ್ಚಿಗೆ ಹೊಳೆಯುವುದಿಲ್ಲ. ದೂರದಲ್ಲಿ ಮಿಣುಕುವುದು ಬಹುಪಾಲು ಜೇಡ ಅಥವಾ ಕಪ್ಪೆ. ಹಾವನ್ನು ಗುರುತು ಹಿಡಿಯಬೇಕಾದದ್ದು ಮೈಯ ತಿರುವಿನಿಂದ, ಹೊಟ್ಟೆಯಡಿಯ ನೆರಳಿನಿಂದ, ಎಲೆಗಳ ನಡುವೆ ಹುರುಪೆಯ ಸಣ್ಣ ಮಿನುಗಿನಿಂದ. ಹಣೆಯ ಮೇಲಿನ ಟಾರ್ಚ್ ಸೋಲುವುದು ಇಲ್ಲೇ. ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಡುವುದರಿಂದ ನೆರಳೆಲ್ಲ ವಸ್ತುವಿನ ಹಿಂದೆ ಅಡಗಿ, ನೆಲ ಚಪ್ಪಟೆಯಾಗಿ ಕಾಣುತ್ತದೆ. ಅದೇ ಟಾರ್ಚನ್ನು ಬಿಚ್ಚಿ ಸೊಂಟದ ಮಟ್ಟದಲ್ಲಿ ಹಿಡಿದು ಓರೆಯಾಗಿ ಬೀಸಿದರೆ ತರಗೆಲೆಯ ಮೇಲೆ ಸುರುಳಿ ಸುತ್ತಿದ ಮಂಡಲದ ಹಾವು ಎದ್ದು ಕಾಣುತ್ತದೆ. ಮುಖಕ್ಕೆ ಹುಳು ಮುತ್ತುವ ಕಾಟವೂ ತಪ್ಪುತ್ತದೆ. ಹಾಗಾಗಿ ಕಿಟ್ಟಿನ ಹೆಡ್‌ಟಾರ್ಚ್ ದಾರಿ ನೋಡಿಕೊಂಡು ನಡೆಯಲಿಕ್ಕೆ ಸರಿ, 200 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಧಾರಾಳ; ಹುಡುಕಲಿಕ್ಕೆ ದೊಡ್ಡವರ ಕೈಯಲ್ಲಿ 800ರಿಂದ 1000 ಲ್ಯೂಮೆನ್ನಿನ ಬೇರೊಂದು ಟಾರ್ಚ್ ಇರಲೇಬೇಕು.

ಆ ಟಾರ್ಚ್ ಕೊಳ್ಳುವಾಗ ಲ್ಯೂಮೆನ್ ಒಂದನ್ನೇ ನೋಡಬೇಡಿ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ಅಂಕಿ ಟರ್ಬೊ ಮೋಡಿನದು, ಅಂದರೆ ಗರಿಷ್ಠ ಬೆಳಕಿನದು. ಬಿಸಿಯೇರಿದಂತೆ ಕೆಲವೇ ನಿಮಿಷಗಳಲ್ಲಿ ಟಾರ್ಚ್ ತಾನಾಗಿಯೇ ಬೆಳಕು ಇಳಿಸಿಕೊಳ್ಳುತ್ತದೆ. ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಂಕ) 90 ಅಥವಾ ಮೇಲೆ, ಬೆಳಕಿನ ಬಣ್ಣ 4000ದಿಂದ 5000 ಕೆಲ್ವಿನ್ ಇದ್ದರೆ ಕಂದು ಹಾವು ಕಂದು ಎಲೆಯಿಂದ ಬೇರೆಯಾಗಿ ಕಾಣುತ್ತದೆ. ಅಗ್ಗದ ಎಲ್‌ಇಡಿಯ ನೀಲಿ ಛಾಯೆಯಲ್ಲಿ ಎರಡೂ ಒಂದೇ ಬೂದು. ಕೆಂಪು ದೀಪದಲ್ಲಂತೂ ಬಣ್ಣವೇ ಸಿಗುವುದಿಲ್ಲ. ಅದು ಟಿಪ್ಪಣಿ ಬರೆಯಲು, ನೀರಿನ ಬಾಟಲಿ ತೆಗೆಯಲು. ಬ್ಯಾಟರಿಯಲ್ಲಿ ಮೋಸ ಹೆಚ್ಚು. ಇಂಥ ಟಾರ್ಚುಗಳಿಗೆ ಹಾಕುವ 18650 ಎಂಬ ಅಳತೆಯ ಒಂದು ಲಿಥಿಯಂ ಸೆಲ್ಲಿನಲ್ಲಿ ಹಿಡಿಯುವುದು ಸುಮಾರು 3500 ಎಂಎಎಚ್. ಅದರ ಮೇಲೆ 9900 ಎಂದು ಅಚ್ಚಾಗಿದ್ದರೆ ಚಾರ್ಜರಿಗೂ ಹಾಕದೆ ವಾಪಸ್ ಕಳಿಸಿ. ನೀರು ತಡೆಯುವ ಮಟ್ಟದ ಗುರುತನ್ನೂ ನೋಡಿ: ಐಪಿಎಕ್ಸ್4 ಎಂದರೆ ಎರಚಲು ನೀರಿಗೆ ಮಾತ್ರ ತಡೆ. ಹಳ್ಳದ ಬದಿಯಲ್ಲಿ ಮಗುವಿನ ಕೈಯಿಂದ ಟಾರ್ಚ್ ಜಾರುವುದು ಖಂಡಿತ, ನೀರಿಗೆ ಬಿದ್ದರೂ ತಡೆಯುವ ಐಪಿಎಕ್ಸ್7 ಇರಲಿ.

ಹಾವು ಸಿಕ್ಕಿದ ಮೇಲೆ ಬೆಳಕು ತಗ್ಗಿಸಿ. ಅದಕ್ಕೆ ಮುಚ್ಚಿಕೊಳ್ಳಲು ರೆಪ್ಪೆಯಿಲ್ಲ.

ಗೇಟರ್ ಚೆನ್ನಾಗಿದೆ, ಆದರೆ ಅದು ಕಾಯುವುದು ಹರಡಿನಿಂದ ಮೊಣಕಾಲಿನವರೆಗೆ ಅಷ್ಟೇ. ಪಾದ ಅದರ ಲೆಕ್ಕಕ್ಕಿಲ್ಲ. ಚಪ್ಪಲಿ ಮೆಟ್ಟಿಕೊಂಡು ಗೇಟರ್ ಕಟ್ಟಿಕೊಂಡವರನ್ನು ನೋಡಿದರೆ ನಗುವೂ ಬರುತ್ತದೆ, ಭಯವೂ ಆಗುತ್ತದೆ. ಹರಡು ಮುಚ್ಚುವ ಶೂ ಮೊದಲು, ಗೇಟರ್ ಆಮೇಲೆ. ಅದರ ಕೆಳಪಟ್ಟಿ ಶೂವಿನ ಅಟ್ಟೆಯಡಿ, ಹಿಮ್ಮಡಿಯ ಮುಂದಿನ ತಗ್ಗಿನಲ್ಲಿ ಹಾಯಬೇಕು. ಪಟ್ಟಿ ಸಡಿಲವಿದ್ದರೆ ನಡೆದಂತೆ ಗೇಟರ್ ಮೇಲೇರಿ, ಹರಡಿನ ಹತ್ತಿರ ಸಂದು ಬಿಡುತ್ತದೆ. ಕಿಟ್ಟಿನಲ್ಲಿ ಬರುವುದು ದೊಡ್ಡವರ ಅಳತೆ. ಮಕ್ಕಳ ಮೀನಖಂಡದ ಮೇಲೆ ಅದು ತಿರುಗಿಹೋಗುತ್ತದೆ; ಬಕಲ್ ಕೊನೆಯ ತೂತಿಗೆ ಎಳೆದರೂ ನಿಲ್ಲದಿದ್ದರೆ ಹಾಕಿಸಬೇಡಿ, ಎಡವಿ ಬೀಳುವುದು ಹೆಚ್ಚು. ಅವರಿಗೆ ಮೊಣಕಾಲೆತ್ತರದ ರಬ್ಬರ್ ಬೂಟು, ದಪ್ಪ ಬಟ್ಟೆಯ ಪ್ಯಾಂಟು ವಾಸಿ. ನಡೆಯುವಾಗ ದೊಡ್ಡವರೊಬ್ಬರು ಮುಂದೆ, ಒಬ್ಬರು ಹಿಂದೆ, ಮಕ್ಕಳು ನಡುವೆ. ಬಿದ್ದ ಮರವನ್ನು ದಾಟಬೇಕಾದರೆ ಮೊದಲು ಅದರ ಮೇಲೆ ಹತ್ತಿ, ಆಚೆ ಬದಿಯ ನೆಲ ನೋಡಿ, ಆಮೇಲೆ ಇಳಿಯುವುದು.

ಕೊಕ್ಕೆ ಇರಲಿ, ಹಾವಿಗಲ್ಲ. ಬಿದ್ದ ಹಲಗೆ, ಚಪ್ಪಡಿ ಎತ್ತಿ ನೋಡುವಾಗ ಕೈ ಅಡಿಗೆ ಹೋಗದಂತೆ ಇದು ತಡೆಯುತ್ತದೆ. ಆಚೆಯ ಅಂಚಿಗೆ ಕೊಕ್ಕೆ ಸಿಕ್ಕಿಸಿ ಕಲ್ಲನ್ನು ನಿಮ್ಮ ಕಡೆಗೆ ವಾಲಿಸಿ: ಆಗ ಅಡಿಯಲ್ಲಿರುವ ಪ್ರಾಣಿಗೂ ನಿಮಗೂ ನಡುವೆ ಕಲ್ಲೇ ಗೋಡೆ, ಅದಕ್ಕೆ ಓಡಲು ದಾರಿ ಆಚೆ ಕಡೆ. ಮಡಚುವ ಕೊಕ್ಕೆಯ ದೌರ್ಬಲ್ಯ ಅದರ ಕೀಲುಗಳು. ಭಾರದ ಕಲ್ಲಿಗೆ ಅವು ಜಾರಿ, ಕಲ್ಲು ಧೊಪ್ಪೆಂದು ಬಿದ್ದು ಅಡಿಯ ಜೀವ ಅಪ್ಪಚ್ಚಿಯಾಗುತ್ತದೆ. ಒಂದೇ ತುಂಡಿನ, ಸುಮಾರು ಒಂದು ಮೀಟರ್ ಉದ್ದದ ಕೊಕ್ಕೆ ಬೇರೆ ಕೊಳ್ಳಿ. ಎತ್ತಿದ ಕಲ್ಲನ್ನು ಅದೇ ಗುಳಿಯಲ್ಲಿ, ಅದೇ ಮಗ್ಗುಲಲ್ಲಿ ಕೂರಿಸಬೇಕು. ಓರೆಯಾಗಿ ಬಿಟ್ಟರೆ ಅಡಿಯ ತೇವ ಆರಿ ಆ ಜಾಗ ಯಾವ ಪ್ರಾಣಿಗೂ ಬೇಡವಾಗುತ್ತದೆ. ಪ್ರಾಣಿ ಅಡಿಯಿಂದ ಸರಿದು ಪಕ್ಕದಲ್ಲೇ ಇದ್ದರೆ ಮೊದಲು ಕಲ್ಲು ಇಟ್ಟು ಅಂಚಿನಲ್ಲಿ ಸಂದು ಉಳಿಸಿ, ಅದೇ ಒಳಗೆ ಹೋಗಲಿ.

ಇಕ್ಕಳವನ್ನು ಚೀಲದಿಂದ ತೆಗೆದುಬಿಡಿ. ಹಿಡಿಯುವವರ ಗಾಬರಿಯೆಲ್ಲ ಹಿಡಿತದ ಬಿಗಿಗೆ ಇಳಿದು ಹಾವಿನ ಪಕ್ಕೆಲುಬು, ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ಹಲವು ದೇಶಗಳಲ್ಲಿ ಅನುಮತಿಯಿಲ್ಲದೆ ಕಾಡುಹಾವನ್ನು ಹಿಡಿಯುವುದೇ ಅಪರಾಧ. ನೋಡಲು ಬಂದವರಿಗೆ ಹಿಡಿಯುವ ಸಾಧನ ಯಾಕೆ? ಹಾವಿನ ಉದ್ದದ ಎರಡರಷ್ಟು ದೂರ ನಿಲ್ಲಿ, ಉದ್ದ ಗೊತ್ತಾಗದಿದ್ದರೆ ಮೂರು ಮೀಟರ್. ಆ ದೂರದಿಂದ ಜೂಮ್ ಇರುವ ಫೋನಿನಲ್ಲೇ ಹುರುಪೆಯ ಸಾಲು ಕಾಣುತ್ತದೆ.

ಪಂಪು ಇನ್ನೂ ಕೆಟ್ಟದ್ದು. 2004ರಲ್ಲಿ ಸ್ವಯಂಸೇವಕರ ಕಾಲಿಗೆ ನಕಲಿ ವಿಷ ಚುಚ್ಚಿ ಇಂಥ ಪಂಪನ್ನು ಪರೀಕ್ಷಿಸಿದಾಗ ಹೊರಬಂದದ್ದು ರಕ್ತಮಿಶ್ರಿತ ದ್ರವ. ಅದರಲ್ಲಿ ವಿಷ ಇಲ್ಲವೆನ್ನುವಷ್ಟು ಕಡಿಮೆ. ಕಚ್ಚಿಸಿಕೊಂಡವರು ಪಂಪು ಒತ್ತುತ್ತ ಕೂತಷ್ಟು ಹೊತ್ತು ಆಸ್ಪತ್ರೆ ದೂರವಾಗುತ್ತದೆ. ಉಂಗುರ, ಗಡಿಯಾರ ಬಿಚ್ಚಿ, ಕೈಕಾಲು ಅಲುಗದಂತೆ ದಬ್ಬೆ ಕಟ್ಟಿ ಸಾಗಿಸುವುದೇ ಕೆಲಸ. ಕೊಯ್ಯುವುದು, ಹೀರುವುದು, ಬಿಗಿಯಾಗಿ ದಾರ ಕಟ್ಟುವುದು ಯಾವುದೂ ಕೂಡದು. ಪಂಪಿನ ಜಾಗದಲ್ಲಿ ಎರಡು ಅಗಲ ಬ್ಯಾಂಡೇಜು, ಒಂದು ದಬ್ಬೆ, ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆಯ ಹೆಸರು ಬರೆದ ಚೀಟಿ ಇಡಿ. ಹೊರಡುವ ಮೊದಲೇ ಆ ಆಸ್ಪತ್ರೆಗೆ ಫೋನ್ ಮಾಡಿ ಪ್ರತಿವಿಷ ಇದೆಯೇ ಎಂದು ಕೇಳಿಕೊಳ್ಳಿ.

ಯುವಿ ಟಾರ್ಚಿಗೂ ಹಾವಿಗೂ ಸಂಬಂಧವಿಲ್ಲ, ಆದರೂ ಒಂದೂ ಹಾವು ಸಿಗದ ರಾತ್ರಿಯಲ್ಲಿ ಮಕ್ಕಳನ್ನು ಹಿಡಿದಿಡುವುದು ಇದೇ: ಚೇಳುಗಳು ಇದರ ಬೆಳಕಿಗೆ ಹಸಿರು-ನೀಲಿಯಾಗಿ ಹೊಳೆಯುತ್ತವೆ. ಕಿಟ್ಟಿನದು ಸಾಮಾನ್ಯವಾಗಿ 395 ನ್ಯಾನೋಮೀಟರ್ ತರಂಗಾಂತರದ್ದು, ನೇರಳೆ ಬೆಳಕೇ ಹೆಚ್ಚು ಚೆಲ್ಲಿ ಹೊಳಪು ಮಂಕಾಗುತ್ತದೆ. 365ರದ್ದು ಸಿಕ್ಕರೆ ಬದಲಿಸಿ. ಯುವಿ ಬೆಳಕು ಎಷ್ಟು ಮಂಕಾಗಿ ಕಂಡರೂ ಕಣ್ಣಿಗೆ ಕೆಡುಕು, ಚಿಕ್ಕವರ ಕೈಗೆ ಒಬ್ಬೊಬ್ಬರಿಗೊಂದು ಕೊಡಬೇಡಿ.