ಹಿತ್ತಲ ಇಲಿಗೆ ಮುಚ್ಚಳದ ಸ್ಪ್ರಿಂಗ್ ಬೋನು: ಹಲವು ವರ್ಷ ಬಳಸಿದ ಮೇಲಿನ ವಿಮರ್ಶೆ

ಹಿತ್ತಲಲ್ಲಿ ಇಲಿ ಹಿಡಿಯಲು ಸಿಗುವ ಸಾಧನಗಳಲ್ಲಿ ಮುಚ್ಚಳವಿರುವ ಸ್ಪ್ರಿಂಗ್ ಬೋನಿನಷ್ಟು ನೆಚ್ಚಬಹುದಾದದ್ದು ಇನ್ನೊಂದಿಲ್ಲ. ಯಾವುದೋ ಒಂದು ಕಂಪನಿಯ ಮಾಲಿನ ಮಾತಲ್ಲ ಇದು. ಈ ಬಗೆಯ ಪೆಟ್ಟಿಗೆಗಳೆಲ್ಲ ಹೆಚ್ಚುಕಡಿಮೆ ಒಂದೇ ರಚನೆಯವು. ಮೊಳದುದ್ದದ ದಪ್ಪ ಪ್ಲಾಸ್ಟಿಕ್ ಪೆಟ್ಟಿಗೆ, ಎರಡು ತುದಿಗೂ ಒಂದೊಂದು ಕಿಂಡಿ, ಒಳಗೆ ಕಿಂಡಿಗಳತ್ತ ಮುಖಮಾಡಿ ಕೂರುವ, ಸ್ಪ್ರಿಂಗ್ ಬಲದಿಂದ ಇಲಿಯ ಮೇಲೆ ಬಡಿಯುವ ಎರಡು ಬೋನು, ಮೇಲೆ ಕೀಲಿಯಿಂದ ತೆರೆಯುವ ಮುಚ್ಚಳ. ಬರೀ ಬೋನು ಕೂಡ ಇಲಿಯನ್ನು ಕೊಲ್ಲುತ್ತದೆ. ಆದರೆ ಈ ಮುಚ್ಚಳ ಇದ್ದರೆ ಬೆಕ್ಕಿನ ಕಾಲು, ಮಗುವಿನ ಬೆರಳು, ನೆಲದಲ್ಲಿ ಹೆಕ್ಕುವ ಹಕ್ಕಿ ಎಲ್ಲವೂ ಹೊರಗೇ ಉಳಿಯುತ್ತವೆ, ಸತ್ತ ಇಲಿ ಒಳಗೇ ಉಳಿಯುತ್ತದೆ. ಬೇಲಿಯಾಚೆಯ ಮನೆಯವರು ಒಪ್ಪುವುದು ಈ ಕಾರಣಕ್ಕೇ. ಇಲಿಯ ವಿಷಯದಲ್ಲಿ ಅವರ ಒಪ್ಪಿಗೆ ಇಲ್ಲದೆ ಯಾವ ಸಾಧನವೂ ಬಹಳ ದಿನ ನಡೆಯುವುದಿಲ್ಲ.

ಕೊಳ್ಳುವ ಮೊದಲು ಬರುತ್ತಿರುವುದು ಯಾವ ಇಲಿ ಎಂದು ನೋಡಿಕೊಳ್ಳಬೇಕು. ನೆಲದಲ್ಲಿ ಬಿಲ ತೋಡುವ ಕಂದು ಇಲಿಯ ಬಿಲದ ಬಾಯಿ ಆರರಿಂದ ಒಂಬತ್ತು ಸೆಂ.ಮೀ. ಅಗಲ; ಓಡಾಟವಿದ್ದರೆ ಅಂಚು ನುಣುಪಾಗಿರುತ್ತದೆ, ಜೇಡರ ಬಲೆ ಇರುವುದಿಲ್ಲ. ಹಿಕ್ಕೆ ಒಂದೂವರೆ ಎರಡು ಸೆಂ.ಮೀ. ಉದ್ದ. ಅನುಮಾನವಿದ್ದರೆ ಸಂಜೆ ಬಿಲದ ಬಾಯಿಗೆ ಕಾಗದದ ಉಂಡೆಯನ್ನು ಸಡಿಲವಾಗಿ ತುರುಕಿ ಬೆಳಿಗ್ಗೆ ನೋಡಿ: ಹೊರಕ್ಕೆ ತಳ್ಳಿದ್ದರೆ ಅಥವಾ ಒಳಕ್ಕೆ ಎಳೆದುಕೊಂಡಿದ್ದರೆ ಒಳಗೆ ಇಲಿ ಇದೆ. ಗಿಡ ಹತ್ತಿ ಮಾಡಿಗೆ ಏರುವ ಕಪ್ಪು ಇಲಿಯಾದರೆ ನೆಲದ ಮೇಲಿಟ್ಟ ಪೆಟ್ಟಿಗೆಯಿಂದ ಅರ್ಧ ಪ್ರಯೋಜನವೂ ಸಿಗದು. ಅದನ್ನು ಗೋಡೆಯ ಮೇಲೆ, ಕೊಂಬೆಯ ಕವಲಿನಲ್ಲಿ ಕಟ್ಟಬೇಕಾಗುತ್ತದೆ. ಇನ್ನು ಉದ್ದ ಮೂತಿಯ, ಗಾಟು ವಾಸನೆಯ ಸುಂಡಿಲಿ ಇಲಿಯ ಜಾತಿಯೇ ಅಲ್ಲ. ಹುಳುಹುಪ್ಪಟೆ ತಿಂದು ತೋಟಕ್ಕೆ ಉಪಕಾರ ಮಾಡುವ ಪ್ರಾಣಿ ಅದು. ಸುಂಡಿಲಿ ಓಡಾಡುವ ಜಾಗದಲ್ಲಿ ಮೀನು, ಮಾಂಸದ ಆಮಿಷ ಇಡಲೇಬಾರದು, ಕಾಳಿನದ್ದೇ ಆಗಬೇಕು.

ಪೆಟ್ಟಿಗೆ ಇಡುವ ರೀತಿಯಲ್ಲೇ ಮುಕ್ಕಾಲು ಕೆಲಸ ಅಡಗಿದೆ. ಇಲಿ ಬಯಲಲ್ಲಿ ಓಡುವುದಿಲ್ಲ, ಗೋಡೆಗೆ ಮೈ ತಾಗಿಸಿಕೊಂಡು ಓಡುತ್ತದೆ. ಆದ್ದರಿಂದ ಪೆಟ್ಟಿಗೆಯ ಉದ್ದಕ್ಕಿರುವ ಮಗ್ಗುಲು ಗೋಡೆಗೆ ಅಂಟಿರಬೇಕು, ಕಿಂಡಿಗಳು ಇಲಿಯ ದಾರಿಗೆ ನೇರ ಬರಬೇಕು. ಎರಡು ಪೆಟ್ಟಿಗೆಗಳ ನಡುವೆ ಮೂರರಿಂದ ಐದು ಮೀಟರ್ ಅಂತರ ಸಾಕು. ಅಡಿಯಲ್ಲಿ ಒಂದು ಸಿಮೆಂಟ್ ಚಪ್ಪಡಿ ಇಟ್ಟು ಸ್ಕ್ರೂ ಹಾಕಿ ಬಿಗಿಯಬೇಕು. ಕಾಲಿಟ್ಟಾಗ ಅಲ್ಲಾಡುವ ಪೆಟ್ಟಿಗೆಯೊಳಕ್ಕೆ ದೊಡ್ಡ ಇಲಿ ಹೋಗುವುದಿಲ್ಲ, ನಾಯಿ ಬಂದು ಮಗುಚಿದರೆ ಬೋನು ಸಿಡಿದು ಆ ರಾತ್ರಿ ವ್ಯರ್ಥ.

ಕಂದು ಇಲಿಗೆ ಹೊಸ ವಸ್ತುವಿನ ಭಯ ಬಹಳ. ತನ್ನ ದಾರಿಯಲ್ಲಿ ಏನೋ ಹೊಸದು ಕಂಡರೆ ಹಲವು ದಿನ ಸುತ್ತಿಬಳಸಿ ಹೋಗುತ್ತದೆ. ಕೊಂಡ ದಿನವೇ ಹೂಡಿ, ಮೂರು ದಿನ ಕಾದು, ‘ಇದು ದಂಡ’ ಎಂದು ಮೂಲೆಗೆಸೆಯುವವರು ಹೆಚ್ಚು. ಪೆಟ್ಟಿಗೆಯ ತಪ್ಪಲ್ಲ ಅದು. ಮೊದಲ ಒಂದು ವಾರ ಬೋನು ಹೂಡದೆ ಆಮಿಷ ಮಾತ್ರ ಇಡಿ. ಸತತ ಎರಡು ಮೂರು ರಾತ್ರಿ ಆಮಿಷ ಖಾಲಿಯಾದರೆ, ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಸಂಜೆ ಹೂಡಿ. ಒಂದೊಂದಾಗಿ ಹೂಡಿದರೆ ಏಟು ತಪ್ಪಿಸಿಕೊಂಡ ಇಲಿ ಉಳಿದವುಗಳ ಹತ್ತಿರವೂ ಸುಳಿಯದು. ಆಮಿಷಕ್ಕೆ ಕಡಲೆಕಾಯಿ ಪೇಸ್ಟ್ ಚೆನ್ನಾಗಿ ಹೊಂದುತ್ತದೆ, ಪ್ರಮಾಣ ಮಾತ್ರ ಬಟಾಣಿ ಕಾಳಿನಷ್ಟೇ. ಉಂಡೆ ಉಂಡೆಯಾಗಿ ಮೆತ್ತಿದರೆ ಇಲಿ ಅಂಚಿನಿಂದಲೇ ನೆಕ್ಕಿ ಟ್ರಿಗರ್ ಒತ್ತದೆ ಹೋಗುತ್ತದೆ. ಬೋನಿನ ಟ್ರಿಗರ್ ಮೇಲಿರುವ ಆಮಿಷದ ಬಟ್ಟಲಿನ ತಳಕ್ಕೆ ಒತ್ತಿ ಸವರಿ, ಮೇಲೆ ಹತ್ತಿಯ ದಾರದ ಎರಡು ಸುತ್ತು ಬಿಗಿದರೆ ಎಳೆಯಲೇಬೇಕಾಗುತ್ತದೆ. ಗೂಡು ಕಟ್ಟುವ ಹೆಣ್ಣಿಗೆ ಆ ದಾರವೇ ಒಂದು ಆಸೆ.

ವರ್ಷಗಟ್ಟಲೆ ಬಳಸುವಾಗ ಕಾಣುವ ದೋಷಗಳು ಬೇರೆ. ಮೊದಲು ಸೋಲುವುದು ಸ್ಪ್ರಿಂಗ್. ಸದಾ ಹೂಡಿಯೇ ಇಟ್ಟ ಬೋನಿನ ಬಿಗಿ ಬರಬರುತ್ತ ಸಡಿಲವಾಗುತ್ತದೆ, ಮಳೆ ನೀರಿನಲ್ಲಿ ಕೀಲು ತುಕ್ಕು ಹಿಡಿಯುತ್ತದೆ. ಸಡಿಲ ಬೋನು ಇಲಿಯನ್ನು ಕೊಲ್ಲದೆ ನರಳಿಸುತ್ತದೆ, ಅದನ್ನು ಕ್ಷಮಿಸಲಾಗದು. ಪರೀಕ್ಷೆ ಸುಲಭ: ಮರದ ಪೆನ್ಸಿಲ್‌ನಿಂದ ಟ್ರಿಗರ್ ಒತ್ತಿ. ಸಿಕ್ಕಿಕೊಂಡ ಪೆನ್ಸಿಲನ್ನು ಸಲೀಸಾಗಿ ಹೊರಗೆಳೆಯಲು ಬಂದರೆ ಆ ಬೋನನ್ನು ಬಿಸಾಡಿ ಹೊಸದು ಹಾಕಬೇಕು. ಆದ್ದರಿಂದ ಒಳಗಿನ ಬೋನುಗಳನ್ನು ಬಿಡಿಬಿಡಿಯಾಗಿ ಬದಲಾಯಿಸಲು ಬರುವ ಪೆಟ್ಟಿಗೆಯನ್ನೇ ಕೊಳ್ಳಿ. ಬೋನನ್ನು ತಳಕ್ಕೆ ರಿವೆಟ್ ಹೊಡೆದು ಕೂರಿಸಿದ್ದು ಬೇಡ. ಬಿಸಿಲಿಗೆ ಪ್ಲಾಸ್ಟಿಕ್ ಬೆಳ್ಳಗಾಗಿ ಪೆಡಸಾಗುತ್ತದೆ, ಮೊದಲು ಮುರಿಯುವುದು ಬೀಗದ ಹತ್ತಿರದ ತೆಳು ನಾಲಗೆ. ನೆರಳಲ್ಲಿಟ್ಟದ್ದು ಬಿಸಿಲಲ್ಲಿಟ್ಟದ್ದಕ್ಕಿಂತ ಬಹುಕಾಲ ಬಾಳುತ್ತದೆ. ಇರುವೆ, ಗೊಂಡೆಹುಳ ಆಮಿಷವನ್ನು ಒಂದೇ ರಾತ್ರಿಯಲ್ಲಿ ಮುಗಿಸಬಲ್ಲವು. ಬಟ್ಟಲು ನುಣ್ಣಗೆ ಖಾಲಿಯಾಗಿದ್ದು ಸುತ್ತ ಹೊಳೆಯುವ ಲೋಳೆ ಗೆರೆ ಇದ್ದರೆ ಅದು ಇಲಿಯ ಕೆಲಸವಲ್ಲ, ಗೊಂಡೆಹುಳದ್ದು. ಹಗಲಿನಲ್ಲಿ ಅಳಿಲು ನುಗ್ಗುವುದು ಇನ್ನೊಂದು ತೊಂದರೆ. ಇಲಿ ಹೋಗುವ ಕಿಂಡಿಯಲ್ಲಿ ಅಳಿಲೂ ಹೋಗುತ್ತದೆ, ಕಿಂಡಿಯ ಅಳತೆಯಿಂದ ಇದಕ್ಕೆ ಪರಿಹಾರವಿಲ್ಲ. ಕತ್ತಲಾದ ಮೇಲೆ ಹೂಡಿ, ಬೆಳಕು ಹರಿಯುತ್ತಲೇ ಇಳಿಸುವುದೊಂದೇ ದಾರಿ. ಅಷ್ಟು ಶಿಸ್ತು ಸಾಧ್ಯವಿಲ್ಲದವರು ಅಳಿಲಿರುವ ತೋಟದಲ್ಲಿ ಇದನ್ನು ಇಡಬಾರದು.

ಸತ್ತ ಇಲಿಯನ್ನು ತೆಗೆಯುವಾಗ ಕೈಗವಸು ಕಡ್ಡಾಯ. ಮನುಷ್ಯನ ವಾಸನೆ ಇಲಿಗೆ ತಿಳಿಯದಿರಲಿ ಎಂದು ಹೇಳುತ್ತಾರೆ, ನಿಜವಾದ ಕಾರಣ ಇಲಿಜ್ವರ. ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಇಲಿಯ ಮೂತ್ರದಲ್ಲಿ ಬಂದು ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಬದುಕುತ್ತದೆ, ಕೈಯ ಸಣ್ಣ ಗಾಯದಿಂದಲೂ ಒಳಸೇರುತ್ತದೆ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಪೆಟ್ಟಿಗೆಗೆ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಒರೆಸಿ, ಬರೀ ನೀರಲ್ಲಿ ತೊಳೆದು ಒಣಗಿಸಬೇಕು. ಬ್ಲೀಚ್ ಸ್ಪ್ರಿಂಗಿಗೆ ತಾಗಿ ಉಳಿದರೆ ತುಕ್ಕು ಬೇಗ ಹಿಡಿಯುತ್ತದೆ.

ಬೇರೆ ಸಾಧನಗಳ ಬಗ್ಗೆ ಚುಟುಕಾಗಿ. ನಮಗೆ ಕೇಳಿಸದ ಸದ್ದಿನಿಂದ ಇಲಿ ಓಡಿಸುತ್ತೇವೆನ್ನುವ ಅಲ್ಟ್ರಾಸಾನಿಕ್ ಯಂತ್ರ ಬಯಲು ತೋಟದಲ್ಲಿ ನಿಷ್ಪ್ರಯೋಜಕ. ಆ ಸದ್ದು ಎಲೆ, ಗೋಡೆಗಳನ್ನು ದಾಟುವುದಿಲ್ಲ, ಇಲಿ ಕೆಲವೇ ದಿನಗಳಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಅಂಟಿನ ಹಲಗೆ ಕ್ರೂರ, ಹಲ್ಲಿ ಹಕ್ಕಿಗಳೂ ಅಂಟಿಕೊಳ್ಳುತ್ತವೆ. ಜೀವಂತ ಹಿಡಿದು ದೂರ ಬಿಡುವ ಪಂಜರ ದಯೆಯಂತೆ ಕಾಣುತ್ತದೆ, ಆದರೆ ಗುರುತಿಲ್ಲದ ಜಾಗದಲ್ಲಿ ಬಿಟ್ಟ ಇಲಿ ಹೆಚ್ಚಾಗಿ ಬದುಕುವುದಿಲ್ಲ, ಬದುಕಿದರೆ ಇನ್ನೊಬ್ಬರ ಮನೆ ಸೇರುತ್ತದೆ.

ವಿಷದ ವಿಚಾರ ಇಷ್ಟು ಬೇಗ ಮುಗಿಯುವುದಿಲ್ಲ, ನೆರೆಹೊರೆಯ ಜಗಳಗಳಲ್ಲಿ ದೊಡ್ಡದು ಹುಟ್ಟುವುದೇ ಅಲ್ಲಿಂದ. ಬ್ರೋಮಾಡಿಯೋಲೋನ್ ಎಂಬ ಇಲಿವಿಷದ ಕೇಕಿನಲ್ಲಿ ಇರುವ ವಿಷ ಶೇ. 0.005 ಮಾತ್ರ, ಅಂದರೆ ಕಿಲೋಗೆ 50 ಮಿ.ಗ್ರಾಂ. ತಿಂದ ಇಲಿ ತಕ್ಷಣ ಸಾಯುವುದಿಲ್ಲ, ರಕ್ತ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಂಡು ಮೂರು ನಾಲ್ಕು ದಿನದಿಂದ ಒಂದು ವಾರದೊಳಗೆ ಸಾಯುತ್ತದೆ. ಅಷ್ಟರಲ್ಲಿ ಅದು ಯಾರ ಅಂಗಳದಲ್ಲಿರುತ್ತದೋ ಹೇಳಲಾಗದು. ಮಂಕಾಗಿ ತಿರುಗುವ ಅದನ್ನು ಗೂಬೆಯೋ ಪಕ್ಕದವರ ಬೆಕ್ಕೋ ಹಿಡಿದು ತಿಂದರೆ ವಿಷ ಅವುಗಳ ಯಕೃತ್ತಿಗೂ ಸೇರುತ್ತದೆ. ನಾಯಿ ಬೆಕ್ಕು ತಿಂದದ್ದು ಬೇಗ ತಿಳಿದರೆ ಪಶುವೈದ್ಯರು ವಿಟಮಿನ್ ಕೆ1 ಕೊಟ್ಟು ಉಳಿಸಬಲ್ಲರು. ಜಿಂಕ್ ಫಾಸ್ಫೈಡ್ ಎಂಬ ಇನ್ನೊಂದು ಇಲಿವಿಷ ಹಾಗಲ್ಲ, ಹೊಟ್ಟೆಯ ಆಮ್ಲ ತಾಗಿದೊಡನೆ ಫಾಸ್ಫೀನ್ ಅನಿಲವಾಗುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ವಿಷ ಎಲ್ಲ ಇಲಿಗೂ ನಾಟುತ್ತದೆ ಎಂದೂ ಇಲ್ಲ: ಹಳೆಯ ತಲೆಮಾರಿನ ಇಲಿವಿಷ ವಾರ್ಫರಿನ್‌ಗೆ ಜಗ್ಗದ ಇಲಿಗಳು 1958ರಲ್ಲೇ ಸ್ಕಾಟ್ಲೆಂಡಿನಲ್ಲಿ ಕಂಡುಬಂದಿದ್ದವು. ಪಕ್ಕದವರು ವಿಷವನ್ನೇ ಇಡುತ್ತೇವೆ ಎಂದು ಹಟ ಹಿಡಿದರೆ ಮೂರು ಮಾತು ಬಿಡದೆ ಕೇಳಬೇಕು: ಬೀಗವಿರುವ ಪೆಟ್ಟಿಗೆಯಲ್ಲಿ ಕಂಬಿಗೆ ಪೋಣಿಸಿದ ಮೇಣದ ಕೇಕೇ ಇರಲಿ, ಚೆಲ್ಲುವ ಕಾಳು ಬೇಡ; ವಿಷದ ರಾಸಾಯನಿಕ ಹೆಸರು ಸುತ್ತಲಿನ ಎಲ್ಲರಿಗೂ ಗೊತ್ತಿರಲಿ, ಪಶುವೈದ್ಯರು ಮೊದಲು ಕೇಳುವುದು ಅದನ್ನೇ; ಪ್ರತಿ ಬೆಳಿಗ್ಗೆ ಸತ್ತ ಇಲಿಯನ್ನು ಹುಡುಕಿ ತೆಗೆಯುವ ಹೊಣೆ ಇಟ್ಟವರದ್ದು.

‘ನಿಮ್ಮ ಮನೆಯಿಂದಲೇ ಇಲಿ ಬರುತ್ತಿದೆ’ ಎಂಬ ವಾದ ಎಷ್ಟು ಹೊತ್ತು ನಡೆದರೂ ಬಗೆಹರಿಯದು. ಗೂಡಿನಿಂದ ಮೂವತ್ತು ಐವತ್ತು ಮೀಟರ್ ಸುತ್ತಾಡುವ ಪ್ರಾಣಿಗೆ ಒಬ್ಬರ ಗೋಡೆಯಡಿ ಬಿಲ, ಇನ್ನೊಬ್ಬರ ಗೊಬ್ಬರದ ಗುಂಡಿಯಲ್ಲಿ ಊಟ, ಮತ್ತೊಬ್ಬರ ಸೋರುವ ನಲ್ಲಿಯಲ್ಲಿ ನೀರು. ಮಾತಾಡುವುದಾದರೆ ಈ ಮೂರನ್ನು ಹುಡುಕುತ್ತ ಜೊತೆಯಾಗಿ ಒಂದು ಸುತ್ತು ನಡೆದು ಮಾತಾಡಬೇಕು. ಹಕ್ಕಿಗೆ ಕಾಳು ಹಾಕುವವರಿಗೆ ‘ನಿಲ್ಲಿಸಿ’ ಎಂದರೆ ಸಂಬಂಧ ಕೆಡುತ್ತದೆ. ಸಂಜೆಯೊಳಗೆ ಮುಗಿಯುವಷ್ಟೇ ಹಾಕಿ, ಕೆಳಗೆ ತಟ್ಟೆ ಕಟ್ಟಿ, ಉದುರಿದ್ದನ್ನು ಕತ್ತಲಾಗುವ ಮೊದಲು ಗುಡಿಸಿ ಎಂದರೆ ಒಪ್ಪುತ್ತಾರೆ. ಗೊಬ್ಬರದ ಗುಂಡಿಯವರಿಗೆ ಬೇಯಿಸಿದ ಅನ್ನ, ಮಾಂಸ, ಎಣ್ಣೆ ಬೇಡವೆಂದೂ ತಳಕ್ಕೆ ಜಾಲರಿ ಹಾಸಬೇಕೆಂದೂ ಹೇಳಿದರೆ ಸಾಕು.

ವಿಷದ ಹಾಗೆಯೇ ಮನಸ್ತಾಪ ತರುವ ಇನ್ನೊಂದು ವಿಷಯ ಕೆಲಸದ ಅನುಕ್ರಮ. ಒಬ್ಬರು ಉತ್ಸಾಹದಿಂದ ಪೊದೆ ಕಡಿದು, ಸೌದೆ ರಾಶಿ ಎತ್ತಿ, ಬಿಲಕ್ಕೆ ಸಿಮೆಂಟ್ ತುಂಬುತ್ತಾರೆ. ನೆಲೆ ತಪ್ಪಿದ ಇಲಿಗಳು ಅದೇ ರಾತ್ರಿ ಬೇಲಿ ದಾಟುತ್ತವೆ. ಪಕ್ಕದವರ ಪಾಲಿಗೆ ಇದು ನೇರ ದಾಳಿ. ಸರಿಯಾದ ಕ್ರಮ ತಿರುಗುಮುರುಗು: ಮೊದಲು ಎರಡೂ ಕಡೆ ಪೆಟ್ಟಿಗೆ ಇಟ್ಟು ಪಳಗಿಸಿ, ಒಂದೇ ವಾರದಲ್ಲಿ ಹೂಡಿ, ಹಿಡಿತ ನಿಂತ ಮೇಲೆ ಪೊದೆ ಮತ್ತು ರಾಶಿ ತೆಗೆದು, ಕೊನೆಗೆ ಬಿಲ ಮುಚ್ಚುವುದು. ಒಬ್ಬರು ಈಗ, ಇನ್ನೊಬ್ಬರು ಎರಡು ತಿಂಗಳ ಮೇಲೆ ಎಂದರೆ ಆಗದು. ಇಲಿಯ ಗರ್ಭ 21ರಿಂದ 23 ದಿನ, ಹುಟ್ಟಿದ ಮರಿ ಎರಡು ಮೂರು ತಿಂಗಳಿಗೆ ತಾನೇ ಮರಿ ಹಾಕುವ ಹಂತಕ್ಕೆ ಬರುತ್ತದೆ. ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ ಆಮಿಷ ಇಟ್ಟ, ಹೂಡಿದ, ಇಲಿ ಸಿಕ್ಕ ದಿನಾಂಕಗಳನ್ನು ಬರೆದಿಡಿ. ಎರಡು ಮನೆಯವರೂ ಆ ಚೀಟಿ ತೆರೆದು ನೋಡುವಂತಿದ್ದರೆ ಊಹೆಯ ಮೇಲಿನ ಆರೋಪ ನಿಲ್ಲುತ್ತದೆ.

ಯಾವುದಕ್ಕೂ ಒಪ್ಪದ ಮನೆಯೂ ಇರಬಹುದು. ಆಗ ಪೆಟ್ಟಿಗೆಗಳನ್ನೆಲ್ಲ ಗಡಿಯ ಗೋಡೆಯುದ್ದಕ್ಕೆ ನಮ್ಮ ಬದಿಯಲ್ಲೇ ಸಾಲಾಗಿಟ್ಟು, ಗೋಡೆಯಡಿಯಲ್ಲಿ 6 ಮಿ.ಮೀ. ಕಣ್ಣಿನ ಗ್ಯಾಲ್ವನೈಸ್ಡ್ ಜಾಲರಿಯನ್ನು 30 ಸೆಂ.ಮೀ. ಆಳ ಇಳಿಸಿ, ತುದಿಯನ್ನು ಅವರ ಕಡೆಗೆ 30 ಸೆಂ.ಮೀ. ಮಡಚಿ ಹೂಳಬೇಕು. ತೋಡುತ್ತ ಬಂದ ಇಲಿ ಮಡಿಕೆಗೆ ತಾಗಿ ನಿಲ್ಲುತ್ತದೆ. ಮಡಿಕೆ ಅವರ ನೆಲದೊಳಕ್ಕೆ ಹೋಗುವುದಾದರೆ ಇದಕ್ಕೂ ಅವರ ಅನುಮತಿ ಬೇಕು. ಸಿಗದಿದ್ದರೆ ಮಡಚದೆ 60 ಸೆಂ.ಮೀ. ನೇರ ಇಳಿಸಿ. ಗೋಡೆಯ ಪಕ್ಕ ಅರ್ಧ ಮೀಟರ್ ಅಗಲ ಗಿಡಗಂಟಿ ಇಲ್ಲದೆ ಜಲ್ಲಿ ಹಾಸಿಡಿ. ಹಿಡಿತ ನಿಂತ ಮೇಲೂ ಒಂದು ಪೆಟ್ಟಿಗೆಯಲ್ಲಿ ಬೋನು ಹೂಡದೆ ಆಮಿಷ ಇಟ್ಟು, ಕಿಂಡಿಯ ಮುಂದೆ ತೆಳ್ಳಗೆ ಟಾಲ್ಕಂ ಪುಡಿ ಉದುರಿಸಿಟ್ಟರೆ, ಮತ್ತೆ ಇಲಿ ಬಂದ ಮೊದಲ ರಾತ್ರಿಯೇ ಹೆಜ್ಜೆ ಗುರುತು ಸಿಗುತ್ತದೆ: ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು, ನಡುವೆ ಬಾಲ ಎಳೆದ ಗೆರೆ.